ಸುಲ್ತಾನ್ ಬತ್ತೇರಿ: ನದಿಯ ಬಾಗಿಲಿಗೆ ಕಲ್ಲಿನ ಕಾವಲು

“ಅಮ್ಮೀ, ಇಷ್ಟೇನಾ?”

ಆಟೋದಿಂದ ಇಳಿದ ಕೂಡಲೇ ಮಗ ಕೇಳಿದ ಪ್ರಶ್ನೆಯಿದು. ಅವನ ಮುಖ ಬಾಡಿತ್ತು. ಬೆಂಗಳೂರಿನಿಂದ ಹೊರಟಾಗಿನಿಂದ “ಟಿಪ್ಪು ಸುಲ್ತಾನರ ಕೋಟೆ ನೋಡೋಕೆ ಹೋಗ್ತಿದ್ದೀವಿ” ಎಂದು ಪಕ್ಕದ ಸೀಟಿನವರಿಗೆಲ್ಲ ಹೇಳಿಕೊಂಡು ಬಂದಿದ್ದ. ಚಿತ್ರದುರ್ಗದಂಥ ಏಳು ಸುತ್ತಿನ ಕೋಟೆಯನ್ನೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದನೇನೋ. ಎದುರಿಗೆ ನಿಂತದ್ದು ಮಾತ್ರ ನದಿಯ ದಡದಲ್ಲಿ ಕಪ್ಪು ಕಲ್ಲಿನ ಒಂದು ಗಿಡ್ಡ ಬುರುಜು. ನಾಲ್ಕು ಹೆಜ್ಜೆಯಲ್ಲಿ ಸುತ್ತು ಹಾಕಿ ಬರಬಹುದೆನ್ನಿಸುವಷ್ಟು ಪುಟ್ಟದು.

ನಿಜ ಹೇಳಬೇಕೆಂದರೆ ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆದರೆ ಅಲ್ಲಿ ಕಳೆದ ಅರ್ಧ ದಿನ, ಅದಕ್ಕಾಗಿ ಹಿಂದೆ ಮುಂದೆ ಓದಿದ ಇತಿಹಾಸ, ಎರಡೂ ಸೇರಿ ಆ ಪುಟ್ಟ ಬುರುಜಿನ ಬಗ್ಗೆ ನನ್ನ ಎಣಿಕೆಯನ್ನೇ ಬದಲಿಸಿದವು.

ಮತ್ತಿಕೆರೆಯಿಂದ ಮಂಗಳೂರಿಗೆ

ನಮ್ಮದು ಮತ್ತಿಕೆರೆ. ಹೆಸರಿನಲ್ಲಿ ಕೆರೆಯಿದ್ದರೂ ನಮ್ಮ ಮಕ್ಕಳಿಗೆ ನೀರೆಂದರೆ ಜೆ.ಪಿ. ಪಾರ್ಕಿನ ಕೊಳ ಮಾತ್ರ. ಟಿಪ್ಪು ಸುಲ್ತಾನರೆಂದರೆ ಕೃಷ್ಣರಾಜ ಮಾರುಕಟ್ಟೆಯ ಹತ್ತಿರದ ಬೇಸಿಗೆ ಅರಮನೆ, ಅದರ ಪಕ್ಕದ ಕೋಟೆಯ ತುಂಡು, ರಜೆಯಲ್ಲೊಮ್ಮೆ ಶ್ರೀರಂಗಪಟ್ಟಣ. ಆ ರಾಜ್ಯಕ್ಕೆ ಕಡಲೂ ಇತ್ತು, ಬಂದರುಗಳೂ ಇದ್ದವು ಎಂಬುದು ಬೆಂಗಳೂರಿನ ನಮಗೆ ಬೇಗ ನೆನಪಾಗುವುದಿಲ್ಲ.

ಯಶವಂತಪುರ ನಿಲ್ದಾಣ ನಮಗೆ ಹತ್ತಿರ. ಹಗಲು ರೈಲಿನಲ್ಲೇ ಹೊರಟೆವು. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರಸ್ತೆ ನಿಲ್ದಾಣ ತಲುಪುವವರೆಗೆ 57 ಸುರಂಗಗಳು. ಎಣಿಸಲು ಕುಳಿತ ಮಕ್ಕಳು ಮೂವತ್ತರ ಹತ್ತಿರ ಲೆಕ್ಕ ತಪ್ಪಿ ಜಗಳವಾಡಿದರು. ನಾನು ಕಿಟಕಿಯಾಚೆಯ ಕಾಡು, ಕಣಿವೆ ನೋಡುತ್ತಾ ಯೋಚಿಸುತ್ತಿದ್ದೆ: ರೈಲು ರಸ್ತೆಗಳಿಲ್ಲದ ಕಾಲದಲ್ಲಿ ಮಂಗಳೂರಿಗೆ ಶತ್ರು ಬಂದಿಳಿದರೆ ಆ ಸುದ್ದಿ ಈ ಘಟ್ಟ ಹತ್ತಿ ಶ್ರೀರಂಗಪಟ್ಟಣ ಮುಟ್ಟಲು ಎಷ್ಟು ದಿನ ಬೇಕಿತ್ತು? ಸುದ್ದಿ ಮುಟ್ಟಿದ ಮೇಲೆ ಸೇನೆ ಇಳಿದು ಬರಲು ಇನ್ನೆಷ್ಟು ದಿನ? ಮಳೆಗಾಲವಾಗಿದ್ದರೆ?

ಬತ್ತೇರಿ ಏಕೆ ಬೇಕಾಯಿತೆಂಬುದಕ್ಕೆ ಅರ್ಧ ಉತ್ತರ ಈ ದಾರಿಯಲ್ಲೇ ಇದೆ.

ಬುರುಜಿನ ಒಳಗೆ

ಮಂಗಳೂರು ನಗರದ ಮಧ್ಯದಿಂದ ಸುಮಾರು 4 ಕಿಲೋಮೀಟರ್ ದೂರದ ಬೋಳೂರಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿ ಈ ಬತ್ತೇರಿ ಇದೆ. ಈ ನದಿಗೆ ಗುರುಪುರ ನದಿಯೆಂದೂ ಹೆಸರು. ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಸಿಟಿ ಬಸ್ಸುಗಳು ಇದರ ಹೆಸರಿನ ಫಲಕ ಹಾಕಿಕೊಂಡು ಬರುತ್ತವೆ. ಕಟ್ಟಿಸಿದವರು ಟಿಪ್ಪು ಸುಲ್ತಾನರು, ವರ್ಷ 1784. ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.

‘ಬತ್ತೇರಿ’ ಎಂಬ ಪದವೇ ಕಡಲಿನಾಚೆಯಿಂದ ಬಂದದ್ದು. ಫಿರಂಗಿಗಳನ್ನು ಸಾಲಾಗಿ ಹೂಡುವ ಜಾಗಕ್ಕೆ ಯುರೋಪಿನವರು ‘ಬ್ಯಾಟರಿ’ ಎನ್ನುತ್ತಿದ್ದರು. ನಮ್ಮವರ ಬಾಯಲ್ಲಿ ಅದು ಬತ್ತೇರಿ, ಬತೇರಿ ಆಯಿತು. ಕೇರಳದ ವಯನಾಡಿನಲ್ಲಿರುವ ಸುಲ್ತಾನ್ ಬತ್ತೇರಿ ಪಟ್ಟಣದ ಹೆಸರಿಗೂ ಇದೇ ಮೂಲ. ಅದು ಬೆಟ್ಟದ ನಾಡಿನದು, ಇದು ನೀರಿನ ಅಂಚಿನದು.

ಮೆಟ್ಟಿಲು ಹತ್ತಿ ಮೇಲೆ ಹೋದೆವು. ದಪ್ಪ ಗೋಡೆಯ ಸುತ್ತಲೂ ತೋಪುಗಳ ಬಾಯಿಗಾಗಿ ಬಿಟ್ಟ ಕಿಂಡಿಗಳು. ಮಗಳು ಒಂದು ಕಿಂಡಿಯಲ್ಲಿ ಕಣ್ಣಿಟ್ಟು, “ಅಮ್ಮೀ, ಇಲ್ಲಿಂದ ನೋಡಿ, ನದಿ ಪೂರ್ತಿ ಕಾಣ್ಸುತ್ತೆ. ಆದ್ರೆ ಅಲ್ಲಿಂದ ನೋಡೋರಿಗೆ ನಾವು ಕಾಣ್ಸೋದೇ ಇಲ್ಲ” ಎಂದಳು. ಹನ್ನೆರಡು ವರ್ಷದ ಹುಡುಗಿ ಕಾವಲು ಬುರುಜಿನ ಗುಟ್ಟನ್ನು ಎರಡೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು.

ಹಡಗಿನಲ್ಲೂ ಫಿರಂಗಿಗಳಿರುತ್ತವೆ, ದಡದಲ್ಲಿರುವುದಕ್ಕಿಂತ ಹೆಚ್ಚೇ ಇರಬಹುದು. ಆದರೆ ಹಡಗು ಅಲೆಯ ಮೇಲೆ ತೂಗಾಡುತ್ತದೆ, ಗುರಿ ತಪ್ಪುತ್ತದೆ. ದಡದ ತೋಪಿಗೆ ಕಾಲಡಿಯ ನೆಲ ಗಟ್ಟಿ. ಹಡಗಿನ ಮರದ ಮೈಗೆ ಗುಂಡು ಬಿದ್ದರೆ ನೀರು ನುಗ್ಗುತ್ತದೆ, ಬೆಂಕಿ ಹತ್ತುತ್ತದೆ. ಕಲ್ಲಿನ ಗೋಡೆ ಪೆಟ್ಟು ತಿಂದೂ ನಿಲ್ಲುತ್ತದೆ. ಮೇಲಾಗಿ ಹಾಯಿಹಡಗು ಗಾಳಿಯನ್ನೇ ನಂಬಿದ್ದು. ವಿಶಾಲ ಕಡಲಿನಲ್ಲಿ ತಿರುಗಿ ತಪ್ಪಿಸಿಕೊಳ್ಳಬಹುದು, ನದಿಯ ಕಿರಿದಾದ ದಾರಿಯಲ್ಲಿ ಆಗುವುದಿಲ್ಲ. ಹಾಗಾಗಿ ಸರಿಯಾದ ತಿರುವಿನಲ್ಲಿ ಕೂತ ಕೆಲವೇ ತೋಪುಗಳು ದೊಡ್ಡ ಯುದ್ಧನೌಕೆಯನ್ನೂ ಹೆದರಿಸಬಲ್ಲವು. ಬತ್ತೇರಿ ಚಿಕ್ಕದಾಗಿರುವುದು ಅದರ ಕುಂದಲ್ಲ. ಬಾಗಿಲ ಚಿಲಕ ಬಾಗಿಲಿನಷ್ಟು ದೊಡ್ಡದಿರಬೇಕಿಲ್ಲವಲ್ಲ!

ಕೆಳಗೆ ಮದ್ದಿನ ಮನೆ ಇದೆ. ಸಿಡಿಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲಿನ ಮಿಶ್ರಣ. ಅದಕ್ಕೆ ಕಿಡಿಯೂ ಶತ್ರು, ತೇವವೂ ಶತ್ರು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಜೂನ್ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ಕಂಡ ಯಾವ ಗೃಹಿಣಿಗಾದರೂ ಅರ್ಥವಾಗುತ್ತದೆ, ಇಂಥ ಊರಿನಲ್ಲಿ ಮದ್ದನ್ನು ಒಣಗಿದ್ದ ಹಾಗೇ ಕಾಪಾಡುವುದು ಎಂಥ ಕೆಲಸವೆಂದು. ತೋಪು ಹಾರಿಸುವವನ ಹೆಸರು ಹೊರಗೆ ಕೇಳಿಸುತ್ತದೆ. ನೆಲದಡಿಯ ಕತ್ತಲಲ್ಲಿ ಮದ್ದು ಕಾದವನನ್ನು ಯಾರೂ ನೆನೆಯುವುದಿಲ್ಲ.

ಮೂರು ಬಾರಿ ಬಿದ್ದ ಪೆಟ್ಟು

ಬಿದನೂರಿನ ಕೆಳದಿ ರಾಜ್ಯವನ್ನು ಗೆದ್ದ ಹೈದರಲಿಯವರಿಗೆ 1763ರಲ್ಲಿ ಮಂಗಳೂರು ಬಂದರು ದಕ್ಕಿತು. ಒಳನಾಡಿನ ರಾಜ್ಯಕ್ಕೆ ಅದು ಹೊರಜಗತ್ತಿನ ಬಾಗಿಲು. ಇಲ್ಲಿಂದ ಅಕ್ಕಿ, ಕಾಳುಮೆಣಸು, ಗಂಧದ ಮರ ಹೊರಗೆ ಹೋಗುತ್ತಿದ್ದವು. ಅರಬರ ನಾಡಿನಿಂದ ಕುದುರೆಗಳು ಬರುತ್ತಿದ್ದವು. ಮಸ್ಕತ್‌ನಲ್ಲಿ ಟಿಪ್ಪು ಸುಲ್ತಾನರ ವ್ಯಾಪಾರದ ಕೋಠಿಯೇ ಇತ್ತು. ಈಗಲೂ ಹಳೆ ಬಂದರಿನ ಬೀದಿಗೆ ಹೋದರೆ ಝೀನತ್ ಬಕ್ಷ್ ಜುಮಾ ಮಸೀದಿ ಕಾಣುತ್ತದೆ. ಮಾಲಿಕ್ ಬಿನ್ ದೀನಾರ್ ತಂಡದ ಕಾಲದಿಂದ ಇದೆಯೆಂದು ಪ್ರತೀತಿಯಿರುವ ಈ ಮಸೀದಿಯನ್ನು ಟಿಪ್ಪು ಸುಲ್ತಾನರು ನವೀಕರಿಸಿ ಮಗಳ ಹೆಸರಿಟ್ಟರೆಂದು ಊರವರು ಹೇಳುತ್ತಾರೆ. ಒಳಗಿನ ಮರದ ಕೆತ್ತನೆ ಕರಾವಳಿಯ ಬಡಗಿಗಳ ಕೈಚಳಕಕ್ಕೆ ಸಾಕ್ಷಿ.

ಬಾಗಿಲಿದ್ದ ಮೇಲೆ ನುಗ್ಗುವವರೂ ಇರುತ್ತಾರೆ. 1768ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೇನೆ ಬೊಂಬಾಯಿಯಿಂದ ಹಡಗಿನಲ್ಲಿ ಬಂದು ಮಂಗಳೂರನ್ನು ಹಿಡಿಯಿತು. ಅದೇ ವರ್ಷ ಹೈದರಲಿ, ಟಿಪ್ಪು ಅದನ್ನು ಮರಳಿ ಪಡೆದರು. ಇದು ಮೊದಲ ಪೆಟ್ಟು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್‌ನ ನೌಕಾಪಡೆ ಮಂಗಳೂರಿನ ಮುಂದೆ ಬಂದು ಹೈದರಲಿಯವರು ಕಷ್ಟಪಟ್ಟು ಕಟ್ಟಿಸಿದ್ದ ಹಡಗುಗಳನ್ನು ಸುಟ್ಟು ನಾಶ ಮಾಡಿತು. ಇದು ಎರಡನೆಯದು.

ಮೂರನೆಯ ಪೆಟ್ಟು ಎಲ್ಲಕ್ಕಿಂತ ದೊಡ್ಡದು. 1782ರ ಡಿಸೆಂಬರ್ 7ರಂದು ಹೈದರಲಿ ನಿಧನರಾದರು. ತಂದೆಯ ಸಾವಿನ ದುಃಖ ಆರುವ ಮೊದಲೇ, 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಸೇನೆ ಹೊನ್ನಾವರದ ಕಡೆ ಕಡಲತೀರದಲ್ಲಿ ಇಳಿಯಿತು. ಘಟ್ಟ ಹತ್ತಿ ಬಿದನೂರನ್ನು ವಶಪಡಿಸಿಕೊಂಡಿತು. ಮಾರ್ಚ್‌ನಲ್ಲಿ ಮಂಗಳೂರೂ ಬಿತ್ತು. ಟಿಪ್ಪು ಬಿದನೂರನ್ನು ಗೆದ್ದು ಮೇ ತಿಂಗಳಲ್ಲಿ ಮಂಗಳೂರಿಗೆ ಮುತ್ತಿಗೆ ಹಾಕಿದರು. ಒಳಗೆ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ, ಹೊರಗೆ ಮೈಸೂರಿನ ಸೇನೆ, ಮೇಲೆ ಕರಾವಳಿಯ ಮಳೆ. ಇಂಗ್ಲೆಂಡ್, ಫ್ರಾನ್ಸ್ ನಡುವೆ ಯುರೋಪಿನಲ್ಲಿ ಶಾಂತಿಯಾಯಿತೆಂಬ ಸುದ್ದಿ ಬಂದದ್ದೇ ತಡ, ಜೊತೆಗಿದ್ದ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಕಡಲಿನ ಕಡೆ ಇಂಗ್ಲಿಷರ ಹಡಗುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಕೋಟೆಯೊಳಗೆ ಹಸಿವು, ರೋಗ. ಕೊನೆಗೆ 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟ. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಗೆದ್ದ ಊರುಗಳನ್ನು ಇಬ್ಬರೂ ಪರಸ್ಪರ ಹಿಂತಿರುಗಿಸಬೇಕೆಂಬುದು ಅದರ ತಿರುಳು. ಕಂಪೆನಿಯ ಪ್ರತಿನಿಧಿಗಳು ಮದರಾಸಿನಿಂದ ಇಲ್ಲಿಯವರೆಗೆ ಬಂದು ಸಹಿ ಹಾಕಿದ್ದರು.

ಮುತ್ತಿಗೆಯಲ್ಲಿ ಜರ್ಝರಿತವಾದ ಹಳೆಯ ಕೋಟೆಯನ್ನು ಟಿಪ್ಪು ಕೆಡವಿಸಿದರು. ಅದೇ 1784ರಲ್ಲಿ ನದಿಯ ದಡದಲ್ಲಿ ಈ ಬತ್ತೇರಿ ಎದ್ದಿತು. ಕಾರಣ ಸ್ಪಷ್ಟ: ಇನ್ನು ಮುಂದೆ ಯಾವ ಯುದ್ಧನೌಕೆಯೂ ಈ ನದಿಯೊಳಗೆ ನುಗ್ಗಬಾರದು. ಮುಂದೆ 20 ದೊಡ್ಡ ಯುದ್ಧನೌಕೆ, 20 ಚಿಕ್ಕ ನೌಕೆಗಳ ಪಡೆ ಕಟ್ಟುವ ಯೋಜನೆಯನ್ನೂ ಅವರು ಹಾಕಿಕೊಂಡರು. ಮಂಗಳೂರು, ಮಿರ್ಜಾನ್, ಕಾರವಾರದ ಬಳಿಯ ಸದಾಶಿವಗಡದ ಕಡೆ ಹಡಗುಕಟ್ಟೆಗಳ ಕನಸು ಕಂಡರು. ಅದು ಪೂರ್ಣವಾಗುವಷ್ಟು ಕಾಲ ಅವರಿಗೆ ಸಿಗಲಿಲ್ಲ.

ಮಗಳ ಪ್ರಶ್ನೆ

ಇದನ್ನೆಲ್ಲ ಬುರುಜಿನ ಮೇಲೆ ಕೂತು ಮಕ್ಕಳಿಗೆ ಹೇಳುತ್ತಿದ್ದಾಗ ಮಗಳು ಕೇಳಿದಳು: “ಆಮೇಲೆ ಇಂಗ್ಲಿಷರು ಈ ಕಡೆಯಿಂದ ಬಂದ್ರಾ?”

ಇಲ್ಲ, ಬರಲಿಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮಲಬಾರನ್ನು ಟಿಪ್ಪು ಬಿಟ್ಟುಕೊಡಬೇಕಾಯಿತು. ಕಂಪೆನಿಗೆ ಕರಾವಳಿಯಲ್ಲಿ ಬೇರೊಂದು ಬಾಗಿಲು ತೆರೆಯಿತು. 1799ರಲ್ಲಿ ಬೊಂಬಾಯಿಯ ಸೇನೆ ಕಣ್ಣೂರಿನಿಂದ ಹೊರಟು ಕೊಡಗಿನ ಮೂಲಕ ಶ್ರೀರಂಗಪಟ್ಟಣಕ್ಕೆ ಬಂತು. ಮದರಾಸಿನ ಸೇನೆ ಪೂರ್ವದಿಂದ ಬಂತು, ಹೈದರಾಬಾದಿನ ನಿಜಾಮನ ಪಡೆ ಅದರ ಜೊತೆಗಿತ್ತು. ಮೇ 4ರಂದು ಟಿಪ್ಪು ಸುಲ್ತಾನರು ಹುತಾತ್ಮರಾದರು. ಕೋಟೆಯ ಬಿರುಕಿನ ಬಳಿ ಕಾವಲಿದ್ದ ಸೈನಿಕರನ್ನು ಸಂಬಳದ ನೆಪ ಹೇಳಿ ಮೀರ್ ಸಾದಿಕ್ ಅಲ್ಲಿಂದ ಕರೆಸಿಕೊಂಡನೆಂಬ ಮಾತು ಇಂದಿಗೂ ಜನರ ನಾಲಿಗೆಯಲ್ಲಿದೆ. ಬೋಳೂರಿನ ಬತ್ತೇರಿ ತನ್ನ ನದಿಯನ್ನು ಕಾಯುತ್ತಲೇ ಇತ್ತು. ರಾಜ್ಯ ಬೇರೆ ಕಡೆಯಿಂದ ಹೋಯಿತು.

ಹಿಂತಿರುಗಿ ನೋಡಿದರೆ 1783ರಲ್ಲೂ ಹೀಗೇ ಆಗಿತ್ತು. ಬಿದನೂರನ್ನು ಇಂಗ್ಲಿಷರಿಗೆ ಒಪ್ಪಿಸಿದ್ದು ಅಲ್ಲಿಯ ಅಧಿಕಾರಿ ಅಯಾಝ್. ಹೈದರಲಿಯವರು ಮಗನಂತೆ ಸಾಕಿ ಬೆಳೆಸಿದ್ದ ವ್ಯಕ್ತಿ ಆತ. ಟಿಪ್ಪುವಿನ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ, ಟಿಪ್ಪುವಿಗೂ ಅವನ ಮೇಲೆ ಇರಲಿಲ್ಲ. ಶತ್ರು ಕಡಲಿನಿಂದ ಬಂದ, ನಿಜ. ಆದರೆ ಅವನಿಗೆ ಘಟ್ಟದ ಮೇಲಿನ ಬಾಗಿಲು ತೆರೆದದ್ದು ಒಳಗಿನ ಅಪನಂಬಿಕೆ.

ಇನ್ನೊಂದು ಮಾತನ್ನು ನಾವು ಮುಚ್ಚಿಡಬಾರದು. ಬತ್ತೇರಿ ಕಟ್ಟಿದ ಅದೇ 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಆರೋಪ ಕೆಲವರ ಮೇಲೆ, ಶಿಕ್ಷೆ ಇಡೀ ಸಮುದಾಯಕ್ಕೆ. ಅವರಲ್ಲಿ ಹೆಂಗಸರಿದ್ದರು, ಕೈಗೂಸುಗಳಿದ್ದವು. ಘಟ್ಟ ಹತ್ತುವ ದಾರಿಯಲ್ಲಿ, ಸೆರೆಯಲ್ಲಿ ಎಷ್ಟೋ ಜನ ತೀರಿಕೊಂಡರು. ಬದುಕುಳಿದವರು 1799ರ ನಂತರವೇ ಊರಿಗೆ ಮರಳಿದ್ದು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಆ ನೋವಿನ ನೆನಪು ಇಂದಿಗೂ ಇದೆ. ಟಿಪ್ಪು ಸುಲ್ತಾನರ ಶೌರ್ಯವನ್ನು ಹೆಮ್ಮೆಯಿಂದ ಹೇಳುವ ನಾವು ಇದನ್ನೂ ನಮ್ಮ ಮಕ್ಕಳಿಗೆ ಹೇಳಬೇಕು. ಒಬ್ಬರ ತಪ್ಪಿಗೆ ಇನ್ನೊಬ್ಬರು ಹೊಣೆಯಲ್ಲವೆಂಬುದು ನಮಗೆ ಕುರ್‌ಆನ್ ಕಲಿಸಿದ ಪಾಠ. ನ್ಯಾಯದ ಮಾತಾಡುವಾಗ ನಮ್ಮವರು, ಪರರು ಎಂಬ ಭೇದ ಸಲ್ಲದು. ಇಡೀ ಸಮುದಾಯವನ್ನು ಅನುಮಾನದಿಂದ ನೋಡಿದರೆ ಏನಾಗುತ್ತದೆಂಬುದು ಇಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಳಗಿನ ಕಾವಲು

ಬತ್ತೇರಿಯಿಂದ ದಕ್ಷಿಣಕ್ಕೆ, ನೇತ್ರಾವತಿಯ ಆಚೆ ದಡದಲ್ಲಿ ಉಳ್ಳಾಲವಿದೆ. ಟಿಪ್ಪುವಿಗಿಂತ ಇನ್ನೂರು ವರ್ಷ ಮೊದಲು ರಾಣಿ ಅಬ್ಬಕ್ಕ ಅಲ್ಲಿಂದ ಪೋರ್ಚುಗೀಸರನ್ನು ಎದುರಿಸಿದ್ದರು. ಉಳ್ಳಾಲವನ್ನು ಶತ್ರು ಹಿಡಿದ ರಾತ್ರಿ ಆಕೆ ಒಂದು ಮಸೀದಿಯಲ್ಲಿ ಆಶ್ರಯ ಪಡೆದು, ಸೈನಿಕರನ್ನು ಸೇರಿಸಿಕೊಂಡು ತಿರುಗಿಬಿದ್ದರೆಂದು ಕರಾವಳಿಯ ಕಥೆ ಹೇಳುತ್ತದೆ. ಜೈನ ರಾಣಿ, ಆಕೆಯ ಪಡೆಯಲ್ಲಿ ಮುಸ್ಲಿಮರು, ಮೊಗವೀರರು. ಆಕೆಯ ಕಾವಲು ಕಲ್ಲಿನ ಗೋಡೆಯಷ್ಟೇ ಆಗಿರಲಿಲ್ಲ, ಒಬ್ಬರನ್ನೊಬ್ಬರು ನಂಬಿದ ಊರಾಗಿತ್ತು. ಈಗ ನಮ್ಮ ಕೋಸ್ಟ್ ಗಾರ್ಡ್‌ನಲ್ಲಿ ‘ರಾಣಿ ಅಬ್ಬಕ್ಕ’ ಹೆಸರಿನ ಗಸ್ತು ನೌಕೆಯೇ ಇದೆ, 2012ರಲ್ಲಿ ಸೇವೆಗೆ ಸೇರಿತು.

ಬುರುಜಿನ ಮೇಲೆ ನಿಂತಾಗ ನನಗೆ ಖಂದಕ್ ಯುದ್ಧವೂ ನೆನಪಾಯಿತು. ಹಿಜರಿ 5ರಲ್ಲಿ ಶತ್ರುಗಳು ಮದೀನಾವನ್ನು ಮುತ್ತಿದಾಗ, ಸಲ್ಮಾನ್ ಫಾರಿಸಿ(ರ)ಯವರ ಸಲಹೆಯಂತೆ ಪ್ರವಾದಿ(ಸ)ಯವರು ಊರಿನ ತೆರೆದ ಕಡೆಗೆ ಕಂದಕ ತೋಡಿಸಿದರು. ಸೇನೆಯೆಲ್ಲ ಕಂದಕದ ಕಾವಲಿನಲ್ಲಿತ್ತು. ಹಿಂದೆ ಹೆಂಗಸರು, ಮಕ್ಕಳು ಒಂದು ಕೋಟೆಮನೆಯಲ್ಲಿದ್ದರು. ಅಲ್ಲಿ ಗೂಢಚಾರನೊಬ್ಬ ಸುಳಿದಾಡುವುದನ್ನು ಕಂಡವರು ಪ್ರವಾದಿ(ಸ)ಯವರ ಸೋದರತ್ತೆ ಸಫಿಯ್ಯಾ(ರ). ಕೈಗೆ ಸಿಕ್ಕ ಗುಡಾರದ ಗೂಟ ಹಿಡಿದು ತಾವೇ ಇಳಿದು ಹೋಗಿ ಅವನನ್ನು ಮುಗಿಸಿದರೆಂದು ಚರಿತ್ರೆಯ ಗ್ರಂಥಗಳು ತಿಳಿಸುತ್ತವೆ. ಕಂದಕ ಮುಂದಿನ ದಾರಿಯನ್ನು ಕಾಯುತ್ತಿತ್ತು. ಹಿಂದಿನ ದಾರಿ ಉಳಿದದ್ದು ಎಚ್ಚರವಾಗಿದ್ದ ಒಬ್ಬ ಹೆಣ್ಣಿನ ಕಣ್ಣಿನಿಂದ.

ನಮ್ಮ ಮನೆಗಳೂ ಹಾಗೇ ಅಲ್ಲವೇ? ಎಲ್ಲಿ ಒಮ್ಮೆ ಪೆಟ್ಟು ಬಿದ್ದಿದೆಯೋ ಅಲ್ಲಿ ಬತ್ತೇರಿ ಕಟ್ಟುತ್ತೇವೆ. ಕಳ್ಳ ಬಂದ ಕಿಟಕಿಗೆ ಸರಳು ಹಾಕಿಸುತ್ತೇವೆ, ಮಗ ಕೆಟ್ಟ ಗೆಳೆಯರ ಜೊತೆ ಸೇರಿದ ಬೀದಿಗೆ ಹೋಗಬೇಡವೆನ್ನುತ್ತೇವೆ. ಅದು ತಪ್ಪಲ್ಲ, ಬೇಕಾದದ್ದೇ. ಆದರೆ ಮನೆಯೊಳಗೆ ಮಾತು ನಿಂತಿದ್ದರೆ, ಮಕ್ಕಳು ತಪ್ಪು ಮಾಡಿದಾಗ ನಮ್ಮ ಹತ್ತಿರ ಬಂದು ಹೇಳುವ ಧೈರ್ಯ ಉಳಿದಿಲ್ಲದಿದ್ದರೆ, ಎಷ್ಟು ಸರಳು ಹಾಕಿಸಿದರೇನು?

ದೋಣಿಯಿಂದ ಕಂಡ ಬತ್ತೇರಿ

ಅಸರ್ ನಮಾಝ್ ಮುಗಿಸಿ ನದಿ ದಾಟಿದೆವು. ಬತ್ತೇರಿಯ ಬುಡದಲ್ಲೇ ದೋಣಿ ಹತ್ತಿದರೆ ಆಚೆ ದಡ ತಣ್ಣೀರುಬಾವಿ. ಫಲ್ಗುಣಿ ಇಲ್ಲಿ ನೇರವಾಗಿ ಕಡಲು ಸೇರುವುದಿಲ್ಲ. ಮರಳಿನ ಕಿರಿದಾದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ದಕ್ಷಿಣಕ್ಕೆ ಹರಿದು, ನೇತ್ರಾವತಿಯನ್ನು ಕೂಡಿ ಅಳಿವೆಬಾಗಿಲಲ್ಲಿ ಸಮುದ್ರಕ್ಕಿಳಿಯುತ್ತದೆ. ಒಂದು ಕಡೆ ಶಾಂತ ನದಿ, ನಡುವೆ ಗಾಳಿಮರಗಳ ತೋಪು, ಇನ್ನೊಂದು ಕಡೆ ಅಬ್ಬರದ ಕಡಲು. ದೋಣಿಯಲ್ಲಿ ನಮ್ಮ ಜೊತೆ ಮೀನಿನ ಬುಟ್ಟಿಯವರು, ಕಾಲೇಜು ಹುಡುಗಿಯರು, ಬುರ್ಖಾ ತೊಟ್ಟ ಬ್ಯಾರಿ ತಾಯಿ, ಆಕೆಯ ಪುಟ್ಟ ಮಕ್ಕಳು. ಹಿಂದೆ ಯುದ್ಧನೌಕೆ ಬಾರದಂತೆ ಕಾದ ನೀರಿನಲ್ಲಿ ಈಗ ಎಲ್ಲರೂ ಒಬ್ಬರಿಗೊಬ್ಬರು ಸರಿದು ಜಾಗ ಕೊಡುತ್ತಾ ಕೂತಿದ್ದರು.

ಇಂದು ದೊಡ್ಡ ಹಡಗುಗಳು ಈ ನದಿಗೆ ಬರುವುದಿಲ್ಲ. ಅವುಗಳಿಗಾಗಿ ಉತ್ತರಕ್ಕೆ ಪಣಂಬೂರಿನಲ್ಲಿ ನವಮಂಗಳೂರು ಬಂದರು ಇದೆ, 1974ರಲ್ಲಿ ಅದನ್ನು ಪ್ರಮುಖ ಬಂದರೆಂದು ಘೋಷಿಸಲಾಯಿತು. ಹಳೆ ಬಂದರಿನಲ್ಲಿ ಮೀನಿನ ದೋಣಿಗಳದ್ದೇ ಸಂತೆ. ಕಾವಲಿನ ರೀತಿಯೂ ಬದಲಾಗಿದೆ. 2008ರ ಮುಂಬೈ ದಾಳಿಕೋರರು ಕಡಲಿನಿಂದಲೇ ಬಂದದ್ದು. ಅದಾದ ಮೇಲೆ ದೇಶದ ಕರಾವಳಿಯುದ್ದಕ್ಕೂ, ದ್ವೀಪಗಳಲ್ಲೂ ರೇಡಾರ್ ಕೇಂದ್ರಗಳ ಸರಪಳಿ ಹಾಕಲಾಯಿತು, ಮೊದಲ ಹಂತದಲ್ಲೇ 46 ಕೇಂದ್ರಗಳು. ಅದನ್ನು ಸಿದ್ಧಪಡಿಸಿದ್ದು ಯಾರು ಗೊತ್ತೇ? ನಮ್ಮ ಮತ್ತಿಕೆರೆಯ ಪಕ್ಕದ ಜಾಲಹಳ್ಳಿಯಲ್ಲಿರುವ ಬಿಇಎಲ್! 1954ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದವರು ನಮ್ಮ ಬೀದಿಗಳಲ್ಲಿ ಬಹಳ ಮಂದಿ ಇದ್ದಾರೆ. ಎಲ್ಲ ಧರ್ಮದವರೂ ಇದ್ದಾರೆ. ಕಡಲು ಕಾಣದ ಬಡಾವಣೆಯಲ್ಲಿ ಕೂತು ಕಡಲು ಕಾದವರು ಅವರು. ಅದನ್ನು ಕೇಳಿ ಮಗನ ಕಣ್ಣು ಅರಳಿತು. “ಅಂದ್ರೆ ನಮ್ಮ ಪಕ್ಕದಲ್ಲೂ ಬತ್ತೇರಿ ಇದೆ!”

ದೋಣಿ ನಡುನದಿಗೆ ಬಂದಾಗ ಅವನೇ ಎದ್ದು ನಿಂತು ತಿರುಗಿ ನೋಡಿದ. ನೀರಿನಿಂದ ನೋಡಿದಾಗ ಬತ್ತೇರಿಯ ಚಹರೆಯೇ ಬೇರೆ. ಇಳಿಬಿಸಿಲಿನಲ್ಲಿ ಕಪ್ಪು ಕಲ್ಲು ಗಂಭೀರವಾಗಿ ನಿಂತಿತ್ತು. ಒಂದೊಂದು ಕಿಂಡಿಯೂ ನಮ್ಮನ್ನೇ ದಿಟ್ಟಿಸುವಂತಿತ್ತು. ಶತ್ರುವಿಗೆ ಅದು ಹೇಗೆ ಕಂಡಿರಬೇಕೆಂಬುದು ಆಗ ನಮಗೆ ತಿಳಿಯಿತು.

“ಇಲ್ಲಿಂದ ನೋಡಿದ್ರೆ ಚಿಕ್ಕದಲ್ಲ ಅಮ್ಮೀ” ಎಂದ ಮಗ.

“ಅದು ಹಾಗೇ ಕಣಪ್ಪ” ಎಂದರು ನಮ್ಮವರು. “ಒಳಗಿರುವವರಿಗೆ ಕಾವಲು ಯಾವತ್ತೂ ಚಿಕ್ಕದಾಗೇ ಕಾಣೋದು.”

ನಾನು ಏನೂ ಹೇಳಲಿಲ್ಲ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಬಾಗಿಲ ಚಿಲಕವನ್ನು ಎರಡು ಸಲ ಮುಟ್ಟಿ ನೋಡುತ್ತಿದ್ದ ನನ್ನ ತಾಯಿ ನೆನಪಾದರು. ಚಿಲಕ ನೋಡಿದ ಮೇಲೆ ಅವರು ನಮ್ಮ ಹಾಸಿಗೆಯ ಬಳಿಗೂ ಬಂದು, ಒಬ್ಬೊಬ್ಬರ ತಲೆ ಸವರಿ, ದುಆ ಓದಿ ಊದಿ ಹೋಗುತ್ತಿದ್ದರು. ಹೊರಗಿನದೂ ಒಳಗಿನದೂ, ಎರಡು ಕಾವಲನ್ನೂ ಅವರು ಬಲ್ಲವರಾಗಿದ್ದರು.